ಬೇರಜ್ಜಿಯ ಒಂದು ‘ಇರಲಿ’

ಹೂವಿನಂಗಡಿಯ ಹೆಂಗಸು ಬುಟ್ಟಿಯನ್ನು ಔಷಧಿ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಬುಟ್ಟಿಗೆ ಹೊದಿಸಿದ್ದ ಬಟ್ಟೆಯನ್ನು ಸರಿಸದೆಯೇ ಮಾತು ಶುರು ಮಾಡಿದಳು.

“ಅಕ್ಕಾ, ವಾಂತಿಗೆ ಒಂದು ಮಾತ್ರೆ ಕೊಡಿ, ಸಾಕು. ಡಾಕ್ಟರ ಹತ್ರ ಕೂತ್ಕೊಳ್ಳೋಕೆ ಪುರುಸೊತ್ತಿಲ್ಲ. ಅಂಗಡಿ ಬಾಗಿಲು ತೆರೆದಿಟ್ಟು ಬಂದಿದೀನಿ.”

“ಯಾರಿಗೆ ವಾಂತಿ? ನಿಮಗಾ, ಬೆಕ್ಕಿಗಾ?”

“ನನಗಾಗಿದ್ರೆ ಪ್ರಾಣಿ ಆಸ್ಪತ್ರೆಗ್ಯಾಕೆ ಬರ್ತಿದ್ದೆ?”

“ಬರೋರಿದಾರೆ. ಮೊನ್ನೆ ಒಬ್ರು ನಾಯಿಗೆ ಅಂತ ಮಂಡಿನೋವಿನ ಮಾತ್ರೆ ಕೇಳಿದ್ರು. ನಾಯಿ ಎಷ್ಟು ತೂಕ ಅಂದ್ರೆ ಎಂಬತ್ತು ಕೆಜಿ ಅಂದ್ರು.”

ಹೆಂಗಸು ನಕ್ಕಳು. ಕಿಟಕಿಯ ಒಳಗಿದ್ದವರು ಸರಳಿನ ಸಂದಿನಿಂದ ಕೈ ಚಾಚಿ ಬಟ್ಟೆ ಎತ್ತಿದರು. ಬೆಕ್ಕು ಬಿಳಿಯದು. ಮೂಗಿನ ಮೇಲೂ ಮುಂಗಾಲಿನ ಮೇಲೂ ಹಳದಿ ಪುಡಿ ಅಂಟಿತ್ತು. ಅದನ್ನು ಬೆರಳ ತುದಿಯಿಂದ ಒರೆಸಿ ಬೆಳಕಿಗೆ ಹಿಡಿದರು.

“ಅಂಗಡೀಲಿ ಲಿಲ್ಲಿ ಹೂ ಇಟ್ಟಿದೀರಾ?”

“ಬಕೆಟ್‌ಗಟ್ಲೆ. ಅದರ ಮಧ್ಯೇನೇ ಮಲಗೋದು, ಮಹಾರಾಣಿ.”

“ಮಾತ್ರೆ ಕೊಡಲ್ಲ. ಸಾಲು ಬಿಟ್ಟು ಸೀದಾ ಒಳಗೆ ನಡೀರಿ. ಲಿಲ್ಲಿ ಪುಡಿ ನೆಕ್ಕಿದೆ, ಕಿಟಕಿಯವರು ಕಳಿಸಿದ್ರು ಅನ್ನಿ. ನಿಲ್ಲಬೇಡಿ.”

ಹೆಂಗಸಿನ ನಗು ಅಲ್ಲಿಗೇ ನಿಂತಿತು. ಬುಟ್ಟಿಯನ್ನು ಎದೆಗವಚಿಕೊಂಡು ಒಳಗೆ ಓಡಿದಳು.

ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಕರೆಯುವುದು ಕಿಟಕಿ ಅಕ್ಕ ಎಂದು. ಐವತ್ತು ದಾಟಿದ ಹೆಂಗಸು. ಕನ್ನಡಕದ ಒಂದು ಕಡ್ಡಿಗೆ ಬ್ಯಾಂಡೇಜಿನ ಅಂಟುಪಟ್ಟಿ ಸುತ್ತಿದ್ದಾರೆ. ಡಾಕ್ಟರು ಬರೆದ ಚೀಟಿ ನೋಡಿ ಮಾತ್ರೆ ಕತ್ತರಿಸುವುದು, ಟಾನಿಕ್ ಅಳೆದು ಸಣ್ಣ ಬಾಟಲಿಗೆ ತುಂಬುವುದು, ಬೆಕ್ಕಿನ ಬಾಯಿಗೆ ಮಾತ್ರೆ ಹಾಕುವುದು ಹೇಗೆಂದು ಹತ್ತಿ ಉಂಡೆಯ ಮೇಲೆ ಮಾಡಿ ತೋರಿಸುವುದು ಅವರ ಕೆಲಸ. “ತಲೆ ಹಿಂದಕ್ಕೆ ಬಾಗಿಸಿ, ನಾಲಿಗೆಯ ಬುಡಕ್ಕೆ ಹಾಕಿ, ಬಾಯಿ ಮುಚ್ಚಿ ಗಂಟಲು ಸವರಿ. ನಿಮ್ಮ ಕೈ ಪರಚಿಸಿಕೊಂಡರೆ ಅದಕ್ಕೆ ಇಲ್ಲಿ ಮುಲಾಮಿಲ್ಲ” ಎನ್ನುವುದು ಅವರ ಮಾಮೂಲಿ ಮಾತು.

ಅಂದು ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಅವರು ಔಷಧಿ ದಾಸ್ತಾನಿನ ಕೋಣೆಗೆ ಹೋದರು. ಗ್ಲೂಕೋಸ್ ಬಾಟಲಿಗಳ ರಟ್ಟಿನ ಪೆಟ್ಟಿಗೆಯೊಂದನ್ನು ಎಳೆದುಕೊಂಡು ಕೂತು, ಚೀಲದಿಂದ ಎರಡು ಮೊಬೈಲ್ ತೆಗೆದರು. ಒಂದು ಅವರದು. ಮೂಲೆ ಒಡೆದ, ಬೆನ್ನಿಗೆ ಬೆಕ್ಕಿನ ಪಾದದ ಚಿತ್ರ ಅಂಟಿಸಿದ ಇನ್ನೊಂದು ಮಗಳದು. ಮಗಳು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಆ ಮೊಬೈಲಿಗೆ ಒಂದು ಸಂದೇಶ ಬಂದಿತ್ತು.

“ಬೇರಜ್ಜಿ, ಹೊಸ ವಿಷವೊಂದು ಯೋಚಿಸಿದ್ದೇನೆ. ನಿಮ್ಮ ಮಾತು ಬೇಕು.”

ಬೇರಜ್ಜಿ ಎಂದರೆ ಅವರ ಮಗಳು.

ಹಲವು ಊರುಗಳ ಜನ ಸೇರಿ ಬರೆದು ಆಡುವ ಒಂದು ಆಟವಿದೆ. ಅದಕ್ಕೆ ಕಲ್ಲುಕಣಿವೆ ಎಂದು ಹೆಸರು. ಚಿತ್ರವಿಲ್ಲ, ಸದ್ದಿಲ್ಲ, ಗೆಲ್ಲುವುದೂ ಇಲ್ಲ. ಕಣಿವೆಯಲ್ಲಿ ಕಾಡುಬೆಕ್ಕುಗಳ ಗುಂಪೊಂದು ಬದುಕುತ್ತದೆ. ಆಡುವ ಪ್ರತಿಯೊಬ್ಬರೂ ಒಂದೊಂದು ಬೆಕ್ಕು. ತಮ್ಮ ಬೆಕ್ಕು ಏನು ಮಾಡಿತು, ಏನು ಅಂದಿತು ಎಂಬುದನ್ನು ಅವರವರೇ ಬರೆಯುತ್ತ ಹೋಗುತ್ತಾರೆ. ಬೇಟೆ, ಗಡಿಜಗಳ, ಪ್ರೀತಿ, ಮರಿ ಹಾಕುವುದು ಎಲ್ಲವೂ ಹಾಗೆ ನಡೆಯುತ್ತದೆ. ಕಾಯಿಲೆ ಮಾತ್ರ ದಾಳದ ಕೈಯಲ್ಲಿ. ಋತು ತಿರುಗುವ ಭಾನುವಾರ ಎಲ್ಲ ಬೆಕ್ಕುಗಳ ಹೆಸರಿಗೂ ದಾಳ ಉರುಳಿಸುತ್ತಾರೆ. ಒಂದು ಬಿದ್ದ ಬೆಕ್ಕಿಗೆ ಕಾಯಿಲೆ ಅಥವಾ ವಿಷ. ಯಾವುದು ಎನ್ನುವುದನ್ನು ಕಣಿವೆಯ ‘ರೋಗಗಳು ಮತ್ತು ವಿಷಗಳು’ ಎಂಬ ಪುಟದಿಂದ ಚೀಟಿ ಎತ್ತಿದ ಹಾಗೆ ಎತ್ತುತ್ತಾರೆ.

ಆ ಪುಟವನ್ನು ಕಾಯುವವಳೇ ಬೇರಜ್ಜಿ. ಬೇರು ಬಲ್ಲವಳು. ಹೊಸ ಕಾಯಿಲೆ ಕಣಿವೆಗೆ ಬರಬೇಕಾದರೆ ಅವಳು ‘ಇರಲಿ’ ಅನ್ನಬೇಕು. ‘ಬೇಡ’ ಅಂದರೆ ಆ ಕಾಯಿಲೆ ಆ ಲೋಕದಲ್ಲೇ ಇಲ್ಲ. ಒಮ್ಮೆ ‘ಇರಲಿ’ ಅಂದದ್ದನ್ನು ಹಿಂತೆಗೆದುಕೊಳ್ಳುವಂತಿಲ್ಲ. ಇಲ್ಲದಿದ್ದರೆ ತಮ್ಮ ಬೆಕ್ಕಿಗೆ ಬಂದ ಕೂಡಲೇ ಎಲ್ಲರೂ ಆ ರೋಗವನ್ನು ಪುಟದಿಂದ ಅಳಿಸಿ ಎಂದು ದುಂಬಾಲು ಬೀಳುತ್ತಾರೆ.

ಮಗಳಿಗೆ ಈ ಪಟ್ಟ ಸಿಕ್ಕಾಗ ಅವಳ ವಯಸ್ಸು ಇಪ್ಪತ್ತು. “ಇಪ್ಪತ್ತಕ್ಕೇ ಅಜ್ಜಿ ಆಗ್ಬಿಟ್ಯಲ್ಲೇ. ನಾನಿನ್ನೂ ಮಾವ ಆಗಿಲ್ಲ” ಎಂದಿದ್ದರು ಅಪ್ಪ. ಅವರು ಲಿಫ್ಟ್ ರಿಪೇರಿ ಮಾಡುವವರು. ಮಾತು ಕಡಿಮೆ, ಆಡಿದರೆ ಹೀಗೆ.

ಮಗಳ ಕಿಡ್ನಿಗಳು ಹತ್ತೊಂಬತ್ತನೇ ವಯಸ್ಸಿನಲ್ಲೇ ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಒಂದು ತೋಳಿಗೆ ಕೊಳವೆ ಚುಚ್ಚಿಸಿಕೊಂಡು, ಇನ್ನೊಂದು ಕೈಯ ಹೆಬ್ಬೆರಳಿನಲ್ಲಿ ಮೊಬೈಲ್ ಒತ್ತುತ್ತ, ಯಂತ್ರದ ಪಕ್ಕದ ಕುರ್ಚಿಯಲ್ಲೇ ಅವಳು ಕಣಿವೆಯ ಬಹುಪಾಲನ್ನು ಬರೆದಳು. ಅವಳ ಬೆಕ್ಕಿನ ಹೆಸರು ತರಗೆಲೆ. ಒಣಗಿದ ಎಲೆಯ ಬಣ್ಣದ್ದು, ಕಾಲು ಸಣ್ಣ, ಬಾಯಿ ಜೋರು. ಬಂಡೆಯಿಂದ ಬಂಡೆಗೆ ಹಾರುವುದರಲ್ಲಿ ಕಣಿವೆಯಲ್ಲಿ ಅದನ್ನು ಮೀರಿಸುವವರಿರಲಿಲ್ಲ.

ಆಮೇಲೆ ಅಮ್ಮನ ಒಂದು ಕಿಡ್ನಿ ತೆಗೆದು ಮಗಳಿಗೆ ಹಾಕಿದರು. ಎರಡು ವರ್ಷ ನಡೆಯಿತು. ಆ ಎರಡು ವರ್ಷ ಅವಳು ಕೊರಿಯರ್ ಕಚೇರಿಯೊಂದರಲ್ಲಿ ಕೆಲಸಕ್ಕೂ ಹೋದಳು. ನಂತರ ಅವಳ ದೇಹ ಅದನ್ನು ಒಪ್ಪಲಿಲ್ಲ. ಮತ್ತೆ ಅದೇ ಕುರ್ಚಿ, ಅದೇ ಯಂತ್ರ.

ಊಟಕ್ಕೆ ಕೂತಾಗ ಅವಳು ಅಮ್ಮನನ್ನು ಪ್ರಶ್ನೆ ಕೇಳುತ್ತಿದ್ದಳು. ಕಿಟಕಿಯಲ್ಲಿ ಕೂತವರಿಗೆ ಗೊತ್ತಿರದ ರೋಗವಿದೆಯೇ?

“ಅಮ್ಮಾ, ಪಾಷಾಣ ತಿಂದ ಇಲೀನ ಬೆಕ್ಕು ತಿಂದ್ರೆ ಏನಾಗತ್ತೆ?”

“ಒಸಡಲ್ಲಿ ರಕ್ತ ಬರತ್ತೆ. ಸುಸ್ತಾಗಿ ಮೂಲೆ ಹಿಡಿಯತ್ತೆ.”

“ಎಷ್ಟು ದಿನಕ್ಕೆ?”

“ತಟ್ಟೆ ಮುಂದೆ ಪಾಷಾಣ ಬೇಡ” ಎಂದು ಅಪ್ಪ.

“ನೀವು ಸುಮ್ನಿರಿ ಅಪ್ಪಾ, ಇದು ಆಫೀಸಿನ ಮಾತು.”

ಒಮ್ಮೆ ಕೇಳಿದ್ದಳು: “ಸಾಮಾನ್ಯವಾಗಿ ಬೆಕ್ಕುಗಳು ಯಾವುದರಿಂದ ಸಾಯ್ತವೆ?”

ವಯಸ್ಸಾದ ಬೆಕ್ಕುಗಳು ಹೆಚ್ಚಾಗಿ ಕಿಡ್ನಿ ಕೆಟ್ಟು ಸಾಯುತ್ತವೆ. ಕಿಟಕಿ ಅಕ್ಕ ದಿನಾ ನೋಡುವ ಚೀಟಿಗಳಲ್ಲಿ ಅಂಥವೇ ಜಾಸ್ತಿ. ಅವರು ಲೋಟಕ್ಕೆ ನೀರು ಬಗ್ಗಿಸುತ್ತ, “ವಯಸ್ಸಾಗಿ ಸಾಯ್ತವೆ, ಇನ್ನೇನು” ಎಂದರು. ಮಗಳು ತಲೆಯಾಡಿಸಿ ಊಟ ಮುಂದುವರಿಸಿದಳು.

ಅವಳು ಬರೆದ ಪುಟದ ಧಾಟಿ ಹೀಗಿದೆ: “ಕಪ್ಪೆಜೊಲ್ಲು: ಮಳೆ ನಿಂತ ಮೇಲೆ ಹೊರಬರುವ ದಪ್ಪ ಕಪ್ಪೆಯನ್ನು ಕಚ್ಚಿದ ಮರಿಗಳಿಗೆ ಬರುತ್ತದೆ. ಬಾಯ ತುಂಬ ನೊರೆ. ಮರಿ ಹೆದರುತ್ತದೆ. ಅದರ ತಾಯಿ ಇನ್ನೂ ಹೆಚ್ಚು ಹೆದರುತ್ತಾಳೆ. ಹರಿಯುವ ನೀರಿನಲ್ಲಿ ಬಾಯಿ ತೊಳೆಸಿ. ತಾಯಿಯನ್ನು ಸ್ವಲ್ಪ ದೂರ ಕೂರಿಸಿ.” ತುಕ್ಕುಗಾಯ, ಬೂಸ್ಟುಕಿವಿ, ಸತ್ತ ಇಲಿಯ ವಿಷ, ಹಾವಿನ ಹಲ್ಲು, ಹೀಗೆ ಪುಟ ಉದ್ದಕ್ಕೆ ಬೆಳೆದಿದೆ. ಯಾವ ಬೇರು, ಎಷ್ಟು ಅಗಿಯಬೇಕು, ಯಾವಾಗ ಕೈಬಿಡಬೇಕು ಎಲ್ಲವೂ ಇದೆ.

ಅವಳು ತೀರಿಕೊಂಡು ಮೂರು ವಾರಕ್ಕೆ, ಬಟ್ಟೆಗಳನ್ನು ಮಡಚಿಡುತ್ತಿದ್ದ ಹೊತ್ತಿನಲ್ಲಿ, ಚಾರ್ಜಿಗೆ ಹಾಕಿದ್ದ ಅವಳ ಮೊಬೈಲ್ ಸದ್ದು ಮಾಡಿತು. “ಬೇರಜ್ಜಿ, ಎಲ್ಲಿ ಹೋದಿರಿ? ಈ ಋತುವಿಡೀ ನಿಮ್ಮ ಸುಳಿವಿಲ್ಲ. ಭಾನುವಾರ ಋತು ತಿರುಗುತ್ತದೆ. ಅಷ್ಟರಲ್ಲಿ ಏನಾದರೂ ಬರೆಯದಿದ್ದರೆ ತರಗೆಲೆ ಬೆಟ್ಟದಾಚೆ.”

ಬೆಟ್ಟದಾಚೆ ಎನ್ನುವುದು ಕಣಿವೆಯ ಇನ್ನೊಂದು ಕಟ್ಟಳೆ. ಒಂದಿಡೀ ಋತು ಆಡದವರ ಬೆಕ್ಕು ಬೆಟ್ಟ ದಾಟಿ ಹೋಯಿತು ಎಂದು ಬರೆಯುತ್ತಾರೆ. ಬೇಕಾದವರು ತಾವಾಗಿಯೂ ದಾಟಬಹುದು. ಹೋದದ್ದು ಮರಳುವುದಿಲ್ಲ. ದಾಳಕ್ಕೆ ಹೆದರಿ ಆಚೆ ಹೋಗಿ, ಕಾಯಿಲೆಯ ಕಾಲ ಕಳೆದ ಮೇಲೆ ಈಚೆ ಬರುವವರನ್ನು ತಡೆಯಲು ಮಾಡಿಕೊಂಡ ಏರ್ಪಾಡು. ಆಚೆ ಹೋದ ಬೆಕ್ಕಿನ ಬಗ್ಗೆ ಯಾರೂ ಮುಂದೆ ಒಂದಕ್ಷರ ಬರೆಯುವಂತಿಲ್ಲ.

ಕಿಟಕಿ ಅಕ್ಕ ಮಂಚದ ಮೇಲೆ ಕೂತು ಹಳೆಯದನ್ನೆಲ್ಲ ಓದಿದರು. ಮಗಳ ಮಾತಿನ ವರಸೆ ಗೊತ್ತಿತ್ತು, ಅದನ್ನು ಹಿಡಿಯುವುದು ಕಷ್ಟವಾಗಲಿಲ್ಲ. ಒಂದೇ ಸಾಲು ಬರೆದರು: “ತರಗೆಲೆ ಗುಹೆಯ ಬಾಯಲ್ಲಿ ಮಲಗಿದೆ. ಸುಸ್ತು. ಆದರೆ ಎಲ್ಲರ ಮಾತೂ ಕೇಳಿಸುತ್ತಿದೆ.” ಕ್ಷಣದಲ್ಲಿ ಏಳೆಂಟು ಜನ ಉತ್ತರ ಬರೆದರು. ಒಂದು ಬೆಕ್ಕು ಬಂದು ತರಗೆಲೆಯ ಮೈ ನೆಕ್ಕಿತು. ಇನ್ನೊಂದು ಅಳಿಲು ತಂದಿಟ್ಟಿತು.

ಅಂದಿನಿಂದ ಬೇರಜ್ಜಿ ಅಮ್ಮನೇ ಆದರು.

ಗಂಡನಿಗೆ ಗೊತ್ತಾಗದೆ ಇರಲಿಲ್ಲ. “ಯಾರಿಗೆ ಬರೀತಿದೀಯ?” ಎಂದು ಕೇಳಿದರು.

“ಅವಳ ಕೆಲಸ ಬಾಕಿ ಇದೆ.”

“ಅವರಿಗೆ ಹೇಳಿದೀಯಾ?”

“ಹೇಳಿದ್ರೆ ಅಲ್ಲೂ ಸಾಯ್ತಾಳೆ.”

ಅವರು “ಎರಡು ಮಹಡಿ ಮಧ್ಯೆ ಸಿಕ್ಕಾಕ್ಕೊಂಡ ಲಿಫ್ಟ್ ಥರ ಆಗಿದೀಯ” ಎಂದು ಹೇಳಿ ಹಾಲಿನ ಪಾತ್ರೆ ಒಲೆಯ ಮೇಲಿಡಲು ಹೋದರು. ಮತ್ತೆ ಆ ಮಾತೆತ್ತಲಿಲ್ಲ.

ಆ ಮಧ್ಯಾಹ್ನ ದಾಸ್ತಾನು ಕೋಣೆಯಲ್ಲಿ ಓದಿದ ಸಂದೇಶವನ್ನು ಕಳಿಸಿದ್ದವನು ಕಣಿವೆಯಲ್ಲಿ ಜಾರುಬಂಡೆ ಎಂಬ ಬೆಕ್ಕಾಗಿ ಆಡುವವನು. ಅವನು ಯೋಚಿಸಿದ ವಿಷ ಹೀಗಿತ್ತು: ಹೊಳೆಯಂಚಿನಲ್ಲಿ ಅರಳುವ ಬಿಳಿ ಹೂವು. ಅದರ ಹಳದಿ ಧೂಳು ಮೈಗಂಟುತ್ತದೆ. ಬೆಕ್ಕು ಮೈ ನೆಕ್ಕಿಕೊಂಡಾಗ ಒಳಗೆ ಹೋಗುತ್ತದೆ. ಜ್ವರ ಬಂದು ಕಣ್ಣು ಕುರುಡಾಗುತ್ತದೆ.

ಕಿಟಕಿ ಅಕ್ಕನಿಗೆ ಅದು ಸರಿಯೆನಿಸಲಿಲ್ಲ. ಬೆಳಿಗ್ಗೆ ಬೆರಳಿಗೆ ಹತ್ತಿದ ಹಳದಿ ಇನ್ನೂ ಉಗುರಿನ ಸಂದಿಯಲ್ಲಿತ್ತು. ಲಿಲ್ಲಿ ಕಣ್ಣಿಗೆ ಏನೂ ಮಾಡುವುದಿಲ್ಲ. ಮೊದಲು ಜೊಲ್ಲು ಮತ್ತು ವಾಂತಿ. ಆಮೇಲೆ ಬೆಕ್ಕು ಸುಧಾರಿಸಿದಂತೆ ಕಾಣುತ್ತದೆ. ಮನೆಯವರು ಮೋಸ ಹೋಗುವುದು ಅಲ್ಲೇ. ನಂತರ ಮೂತ್ರಪಿಂಡ ಕೆಲಸ ನಿಲ್ಲಿಸುತ್ತದೆ. ಆ ಪದವನ್ನು ಬರೆಯುವಾಗ ಅವರ ಹೆಬ್ಬೆರಳು ತಡೆದು ನಿಂತಿತು. ಆದರೆ ಬಿಟ್ಟರೆ ಬರೆದದ್ದು ಸುಳ್ಳಾಗುತ್ತದೆ. ಮಗಳು ಪುಟದಲ್ಲಿ ತಪ್ಪು ಬರೆದವಳಲ್ಲ. ಅವರು ಜಾರುಬಂಡೆಯ ಸಾಲುಗಳನ್ನು ತಿದ್ದಿದರು. “ಉಚ್ಚೆ ನಿಲ್ಲುತ್ತದೆ. ಆಮೇಲೆ ಯಾವ ಬೇರೂ ಕೆಲಸ ಮಾಡುವುದಿಲ್ಲ” ಎಂದು ಕೊನೆಗೆ ಸೇರಿಸಿ, ಕೆಳಗೆ ‘ಇರಲಿ’ ಎಂದು ಒತ್ತಿದರು. ಮಗಳಿಗೆ ಗೊತ್ತಿರದ ಒಂದನ್ನು ತಾನು ಪುಟಕ್ಕೆ ಸೇರಿಸಿದೆನೆಂದು ಅವರಿಗೆ ಕೊಂಚ ಸಮಾಧಾನವೂ ಆಯಿತು. ಡಬ್ಬಿ ಮುಚ್ಚಿ ಕಿಟಕಿಗೆ ಮರಳಿದರು.

ಮರುದಿನ ಅದೇ ಪೆಟ್ಟಿಗೆಯ ಮೇಲೆ ಕೂತು ಮೊಬೈಲ್ ತೆರೆದರೆ ಒಕ್ಕಣ್ಣಿಯ ಸಂದೇಶವಿತ್ತು. ಎಲ್ಲರಿಗೂ ಕಾಣುವ ಕಡೆ ಅಲ್ಲ, ಖಾಸಗಿಯಾಗಿ. ಒಕ್ಕಣ್ಣಿ ಎನ್ನುವುದು ಒಂದು ಮುದಿ ಬೆಕ್ಕು, ತರಗೆಲೆಯ ಜೊತೆಗಾತಿ. ಅದನ್ನು ಆಡುವವಳು ಬೇರೊಂದು ಊರಿನಲ್ಲಿ ಶಾಲಾ ವ್ಯಾನ್ ಓಡಿಸುವ ಹೆಂಗಸು. ಮಗಳೂ ಅವಳೂ ಮುಖಾಮುಖಿ ಕಂಡವರಲ್ಲ.

“ನೀವು ಯಾರು?” ಎಂದಿತ್ತು ಮೊದಲ ಸಾಲು. ಅದರ ಕೆಳಗೆ: “ಬೇರಜ್ಜಿ ಇದಕ್ಕೆ ‘ಇರಲಿ’ ಅನ್ನಲ್ಲ. ಸತ್ತರೂ ಅನ್ನಲ್ಲ. ನೀವು ಯಾರು?”

ಕಿಟಕಿ ಅಕ್ಕ ಡಬ್ಬಿಯನ್ನು ಕೆಳಗಿಟ್ಟರು. ಏನೇನೋ ಬರೆದು ಅಳಿಸಿದರು. ಕೊನೆಗೆ “ನಾನು ಅವಳ ಅಮ್ಮ” ಎಂದಷ್ಟೇ ಕಳಿಸಿದರು. ಮೊಬೈಲ್ ತಕ್ಷಣ ರಿಂಗಾಯಿತು. ಆಚೆ ಕಡೆಯ ದನಿ ಒರಟು. ಹಿನ್ನೆಲೆಯಲ್ಲಿ ಎಂಜಿನ್ ಸದ್ದು.

“ಅಮ್ಮಾ, ಅವಳೆಲ್ಲಿ?”

“ಹೋಗಿ ನಾಲ್ಕು ತಿಂಗಳಾಯ್ತು ಕಣಮ್ಮಾ.”

ಎಂಜಿನ್ ನಿಂತಿತು. ಬಾಗಿಲು ಎಳೆದುಕೊಂಡ ಸದ್ದಾಯಿತು.

“ಹಂಗಾದ್ರೆ ನಾಲ್ಕು ತಿಂಗಳಿಂದ ನಾನು ಜಗಳ ಆಡ್ತಿದ್ದಿದ್ದು ನಿಮ್ಮ ಜೊತೇನಾ?”

“ಹೌದು.”

“ನನ್ನ ಬೆಕ್ಕಿಗೆ ಬೂಸ್ಟುಕಿವಿ ಬಂದಾಗ, ಮೊದಲು ಹೊಳೇಲಿ ಮುಳುಗಿ ಬಾ, ವಾಸನೆ ಹೊಡೀತೀಯ ಅಂದಿದ್ದು?”

“ನಾನೇ.”

“ಅದೇ ಅನ್ಕೊಂಡೆ, ಇವಳಿಗೆ ಇದ್ದಕ್ಕಿದ್ದ ಹಾಗೆ ಅಮ್ಮನ ಬುದ್ಧಿ ಎಲ್ಲಿಂದ ಬಂತು ಅಂತ.”

ಇಬ್ಬರಿಗೂ ನಗು ಬಂದು, ಬಂದ ನಗು ಅರ್ಧಕ್ಕೇ ಮುರಿಯಿತು. ಒಕ್ಕಣ್ಣಿ ಅತ್ತಳು. ಕಿಟಕಿ ಅಕ್ಕ ಅಳಲಿಲ್ಲ. ಹೊರಗೆ ಸಾಲು ಬೆಳೆಯುತ್ತಿತ್ತು, ಯಾರೋ ಕಿಟಕಿಯ ಕಟ್ಟೆ ತಟ್ಟುತ್ತಿದ್ದರು.

“ನಿನಗೆ ಹೇಗೆ ಗೊತ್ತಾಯ್ತು?” ಎಂದು ಕೇಳಿದರು. “ನಾನು ತಪ್ಪೇನೂ ಬರೆದಿಲ್ಲ. ಲಿಲ್ಲಿ ಹಾಗೇ ಮಾಡೋದು. ನಿನ್ನೆ ತಾನೇ ಒಂದು ಬೆಕ್ಕು ಬಂದಿತ್ತು.”

“ತಪ್ಪು ಸರಿ ಮಾತಲ್ಲಮ್ಮಾ. ಆ ಪುಟದಲ್ಲಿ ಎಲ್ಲಾ ಇದೆ. ಕಿಡ್ನಿ ಇದೆಯಾ ನೋಡಿ.”

ಅವರು ನೋಡಬೇಕಾಗಿರಲಿಲ್ಲ. ಆ ಪುಟವನ್ನು ನಾಲ್ಕು ತಿಂಗಳಲ್ಲಿ ಬಾಯಿಪಾಠವಾಗುವಷ್ಟು ಓದಿದ್ದರು. ಇರುವುದನ್ನು ಓದಿದ್ದರು. ಇಲ್ಲದಿರುವುದು ಯಾವುದೆಂದು ನೋಡಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ.

“ಎಷ್ಟೋ ಜನ ಕೇಳಿದ್ರು” ಎಂದಳು ಒಕ್ಕಣ್ಣಿ. “ಬೆಕ್ಕಿಗೆ ಬರೋ ದೊಡ್ಡ ಕಾಯಿಲೆ ಅದೇ ಅಲ್ವಾ, ಹಾಕು ಅಂದ್ರು. ಪ್ರತಿ ಸಲ ‘ಬೇಡ’ ಅನ್ನೋಳು. ಕಾರಣ ಹೇಳ್ತಿರ್ಲಿಲ್ಲ. ನನಗೆ ಒಂದ್ಸಲ ಹೇಳಿದ್ಲು. ಅಮ್ಮ ಕೊಟ್ಟಿದ್ದನ್ನ ನನ್ನ ಕೈಲಿ ಇಟ್ಕೊಳ್ಳೋಕಾಗ್ಲಿಲ್ಲ. ಹೊರಗೆ ನನ್ನ ಮಾತು ನಡೆಯಲ್ಲ. ಕಣಿವೇಲಾದ್ರೂ ಆ ಕಾಯಿಲೆ ಇರಬಾರದು ಅಂದ್ಲು.”

ಕಿಟಕಿ ಅಕ್ಕ ಮೊಬೈಲನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡರು.

“ಅಮ್ಮಾ, ಇದೀರಾ?”

“ಇದೀನಿ. ನನಗೆ ಒಂದು ದಿನವೂ ಹೇಳಲಿಲ್ಲ.”

“ನಿಮ್ಮನ್ನ ಒಂದ್ಸಲ ಕೇಳಿದ್ಲಂತೆ, ಬೆಕ್ಕುಗಳು ಯಾವುದರಿಂದ ಸಾಯ್ತವೆ ಅಂತ. ನೀವು ವಯಸ್ಸಾಗಿ ಅಂದ್ರಂತೆ. ಅಮ್ಮ ಸುಳ್ಳು ಹೇಳಿದ್ರು, ಪಾಪ, ಅಂದಿದ್ಲು. ನಾನೂ ಗೊತ್ತಿಲ್ಲದವಳ ಹಾಗೆ ಇದ್ದೆ ಅಂದ್ಲು.”

ಆ ಮಧ್ಯಾಹ್ನ ಔಷಧಿ ಕಿಟಕಿ ಸ್ವಲ್ಪ ತಡವಾಗಿ ತೆರೆಯಿತು. ಸಾಲಿನಲ್ಲಿದ್ದವರು ಅವರ ಮುಖ ನೋಡಿ ಚೀಟಿ ಕೊಟ್ಟು, ಔಷಧಿ ತೆಗೆದುಕೊಂಡು ಹೋದರು. ಹೂವಿನಂಗಡಿಯ ಹೆಂಗಸು ಮಾತ್ರ ನಿಂತು, ಬೆಕ್ಕಿಗೆ ಇನ್ನೂ ಡ್ರಿಪ್ ನಡೆಯುತ್ತಿದೆ, ಬೇಗ ಕರೆತಂದದ್ದು ಒಳ್ಳೆಯದಾಯಿತು ಎಂದು ಡಾಕ್ಟರು ಅಂದರು ಎಂದು ಹೇಳಿದಳು. “ನಿಮ್ಮ ಕಣ್ಣಿಗೆ ಬೀಳದಿದ್ರೆ ಏನಾಗ್ತಿತ್ತೋ ಅಕ್ಕಾ” ಎಂದಳು. ಕಿಟಕಿ ಅಕ್ಕ ಅವಳ ಕಡೆ ನೋಡದೆ ಬಾಟಲಿಗೆ ಚೀಟಿ ಅಂಟಿಸುತ್ತಿದ್ದರು.

ಸಂಜೆ ಮನೆಗೆ ಬಂದವರೇ ಗಂಡನಿಗೆ ಎಲ್ಲ ಹೇಳಿದರು. ಅವರು ಶರ್ಟಿನ ಗ್ರೀಸ್ ಕಲೆ ಉಜ್ಜುತ್ತಿದ್ದವರು ಕೈ ನಿಲ್ಲಿಸಿದರು.

“ಅವಳು ಬಾಗಿಲು ಹಾಕಿಟ್ಟಿದ್ಲು” ಎಂದರು ಕಿಟಕಿ ಅಕ್ಕ. “ನಾನು ಹೋಗಿ ತೆಗೆದುಬಿಟ್ಟೆ. ಅದೂ ಅವಳ ಹೆಸರಲ್ಲಿ.”

“ನಿನಗೆ ಗೊತ್ತಿತ್ತಾ?”

“ಗೊತ್ತಿರಬೇಕಿತ್ತು.”

“ಅವಳು ಮುಚ್ಚಿಟ್ಟಿದ್ದು ನಿನಗೆ ಹೇಗೆ ಗೊತ್ತಿರತ್ತೆ? ನೀನು ಮುಚ್ಚಿಟ್ಟಿದ್ದು ಅವಳಿಗೆ ಗೊತ್ತಿತ್ತು, ಅದು ಬೇರೆ.” ಅವರು ಶರ್ಟನ್ನು ನೀರಿನಲ್ಲಿ ಅದ್ದಿದರು. “ಅವರಿಗೆ ಹೇಳಿಬಿಡು. ಇನ್ನು ಸುಮ್ನೆ ಎಳೀಬೇಡ.”

ಅಂದು ಕಿಟಕಿ ಅಕ್ಕ ಕಣಿವೆಯಲ್ಲಿ ಎಲ್ಲರಿಗೂ ಕಾಣುವಂತೆ ಬರೆದರು. ಬೆಕ್ಕಿನ ಮಾತಿನಲ್ಲಲ್ಲ, ಕಚೇರಿಗೆ ರಜೆ ಅರ್ಜಿ ಬರೆಯುವವರ ಭಾಷೆಯಲ್ಲಿ. ತಾನು ಬೇರಜ್ಜಿಯ ತಾಯಿ, ಮಗಳು ತೀರಿಕೊಂಡಿದ್ದಾಳೆ, ಇಷ್ಟು ದಿನ ಬರೆದದ್ದು ತಾನು, ಕ್ಷಮಿಸಬೇಕು. ಹೂವಿನ ವಿಷಕ್ಕೆ ಒಪ್ಪಿಗೆ ಕೊಟ್ಟದ್ದೂ ತಾನೇ. ಅದು ಮಗಳ ಮಾತಲ್ಲ.

ಬಹಳ ಜನ ಅತ್ತರು. ಕೆಲವರಿಗೆ ಸಿಟ್ಟು ಬಂತು. “ನಾನು ನನ್ನ ಮನೆ ಕಷ್ಟವೆಲ್ಲ ಅವಳಿಗೆ ಅಂತ ಹೇಳಿಕೊಂಡೆ, ಕೇಳಿಸಿಕೊಂಡವರು ನೀವಾ?” ಎಂದು ಒಬ್ಬಳು ಬರೆದಳು. ಅದಕ್ಕೆ ಕಿಟಕಿ ಅಕ್ಕ, “ಹೌದು. ಯಾರಿಗೂ ಹೇಳಿಲ್ಲ” ಎಂದು ಉತ್ತರಿಸಿದರು. ಆ ಹುಡುಗಿ ಮತ್ತೆ ಬರೆಯಲಿಲ್ಲ.

ಜಾರುಬಂಡೆ ತನ್ನ ವಿಷವನ್ನು ತೆಗೆದುಹಾಕಿ ಎಂದ. ಹಲವರು ದನಿಗೂಡಿಸಿದರು. ‘ಇರಲಿ’ ಅಂದವರು ಬೇರಜ್ಜಿಯೇ ಅಲ್ಲವಾದ ಮೇಲೆ ಅದು ಲೆಕ್ಕಕ್ಕಿಲ್ಲ ಎಂದು ಒಬ್ಬನ ವಾದ. ಹಾಗಾದರೆ ನಾಲ್ಕು ತಿಂಗಳು ಅವರು ಹೇಳಿದ ಬೇರಿನಿಂದ ವಾಸಿಯಾದ ನಮ್ಮ ಬೆಕ್ಕುಗಳ ಗತಿಯೇನು, ಅವೆಲ್ಲ ಈಗ ಮತ್ತೆ ಕಾಯಿಲೆ ಬೀಳಬೇಕೇ ಎಂದು ಇನ್ನೊಬ್ಬಳು. ಮಾತು ಎರಡು ದಿನ ಎಳೆದಾಡಿತು.

ಕೊನೆಗೆ ಒಕ್ಕಣ್ಣಿ ಬರೆದಳು: “ಹಿಂತೆಗೆಯಬಾರದು ಅನ್ನೋ ಕಟ್ಟಳೆ ಹಾಕಿದ್ದು ಅವಳೇ. ತರಗೆಲೆಯ ಮರಿಗೇ ಕಪ್ಪೆಜೊಲ್ಲು ಬಂದಾಗ, ಹೋಗಲಿ ಬಿಡು, ಅಳಿಸಿಬಿಡು ಅಂತ ನಾವೆಲ್ಲ ಗೋಗರೆದಿದ್ದೆವು. ಬಂದದ್ದನ್ನು ಬಂದಿಲ್ಲ ಅನ್ನೋಕಾಗಲ್ಲ ಅಂದಳು. ಆ ಮರಿ ಸತ್ತದ್ದನ್ನು ಅವಳೇ ಬರೆದಳು. ಅಮ್ಮ ಏನು ಹೇಳುತ್ತಾರೋ ಹಾಗೆ ಮಾಡೋಣ.”

ಅಳಿಸಿದರೆ ಮಗಳು ಮಾಡಿದ ಕಟ್ಟಳೆ ಮುರಿಯುತ್ತದೆ. ಉಳಿಸಿದರೆ ಮಗಳು ಹೊರಗಿಟ್ಟ ರೋಗ ಒಳಗೇ ಉಳಿಯುತ್ತದೆ. ಕಿಟಕಿ ಅಕ್ಕ ಒಂದು ದಿನ ಪೂರ್ತಿ ಉತ್ತರಿಸಲಿಲ್ಲ. ಆ ದಿನ ಇಬ್ಬರಿಗೆ ಔಷಧಿ ಅದಲುಬದಲು ಕೊಟ್ಟರು. ಕೂಡಲೇ ಗೊತ್ತಾಗಿ, ಬಾಗಿಲವರೆಗೆ ಓಡಿ ಹೋಗಿ ಬಾಟಲಿ ಬದಲಿಸಿ ಬಂದರು. ಕೆಲಸಕ್ಕೆ ಸೇರಿದ ಮೇಲೆ ಹಾಗಾದದ್ದು ಅದೇ ಮೊದಲು.

ಮರುದಿನ, “ಕಟ್ಟಳೆ ಹಾಗೇ ಇರಲಿ. ಅವಳು ಯೋಚಿಸಿ ಮಾಡಿದ್ದು. ನಾನು ಬೇರಜ್ಜಿಯಲ್ಲ, ಇನ್ನು ಬರೆಯುವುದಿಲ್ಲ” ಎಂದು ಬರೆದರು. ಕಣಿವೆಯವರು ಒಕ್ಕಣ್ಣಿಯನ್ನು ಹೊಸ ಬೇರಜ್ಜಿ ಮಾಡಿದರು. ಅವಳು ಮೊದಲು ಕೇಳಿದ್ದು ತರಗೆಲೆಯ ವಿಷಯ. ಆ ರಾತ್ರಿಯೂಟಕ್ಕೆ ಮುಂಚೆ ಫೋನ್ ಮಾಡಿದಳು.

“ಅಮ್ಮಾ, ಭಾನುವಾರ ಋತು ತಿರುಗತ್ತೆ. ತರಗೆಲೆ ಕಣಿವೇಲಿದ್ರೆ ಅವಳ ಹೆಸರಿಗೂ ದಾಳ ಹಾಕಬೇಕು. ಈ ಸಲ ಪುಟದಲ್ಲಿ ಅದೂ ಇದೆ. ಅದೇ ಬರತ್ತೆ ಅಂತಲ್ಲ. ಬರಬಹುದು.”

“ಬರದೇ ಇರಬಹುದು.”

“ಬರದೇ ಇರಬಹುದು. ಇಲ್ಲೇ ಇದ್ರೆ ನಾವು ಅವಳ ಬಗ್ಗೆ ಬರೀತಾನೇ ಇರ್ತೀವಿ. ಎಷ್ಟು ವರ್ಷ ಆದ್ರೂ. ನನ್ನ ಮುದಿ ಬೆಕ್ಕು ಇರೋವರೆಗೂ ಅದರ ಪಕ್ಕದಲ್ಲೇ ಮಲಗಿರ್ತಾಳೆ. ಆಚೆ ಹೋದ್ರೆ…”

“ಗೊತ್ತು. ಒಂದಕ್ಷರ ಬರೆಯೋ ಹಾಗಿಲ್ಲ.”

“ನೀವು ಹೇಳಿದ ಹಾಗೆ.”

ಫೋನಿಟ್ಟ ಮೇಲೆ ಅವರು ಮೇಜಿನ ಮುಂದೆ ಕೂತರು. ಗಂಡ ತಟ್ಟೆಗಳನ್ನು ಇಡುತ್ತಿದ್ದರು. ಮೂರು ಇಟ್ಟು, ಒಂದನ್ನು ಸದ್ದಾಗದಂತೆ ತೆಗೆದರು. ಅವರಿಗೆ ಇನ್ನೂ ಕೈ ತಪ್ಪುತ್ತದೆ.

“ಆ ಬೆಟ್ಟದಾಚೆ ಏನಿದೆ?” ಎಂದು ಕೇಳಿದರು.

“ಏನೂ ಇಲ್ಲ. ಅದನ್ನ ಯಾರೂ ಬರೆದಿಲ್ಲ.”

“ಕಾಯಿಲೆ?”

“ಅದನ್ನೂ ಬರೆದಿಲ್ಲ.”

“ದಾಳ?”

“ಇಲ್ಲ.”

ಗಂಡ ಕುರ್ಚಿ ಎಳೆದು ಎದುರಿಗೆ ಕೂತರು. “ಮತ್ತಿನ್ನೇನು. ಕಳಿಸು.”

“ಕಳಿಸಿದ್ರೆ ಮುಗೀತು ರೀ. ಈಗ ದಿನಾ ಯಾರಾದ್ರೂ ಒಂದು ಸಾಲು ಬರೀತಾರೆ. ತರಗೆಲೆ ಹೀಗೆ ತಿರುಗಿ ನೋಡಿದ್ಲು, ಹಾಗೆ ಬೈದ್ಲು ಅಂತ. ಅದನ್ನ ಓದಿ ಬಸ್ ಹತ್ತುತೀನಿ.”

“ನಾನೂ ಓದ್ತೀನಿ” ಎಂದರು ಅವರು. “ನೀನು ಮಲಗಿರೋವಾಗ.”

ಕಿಟಕಿ ಅಕ್ಕನಿಗೆ ಅದು ಗೊತ್ತಿರಲಿಲ್ಲ. ಇಬ್ಬರೂ ಊಟ ಮುಗಿಸಿದರು. ಕೈ ತೊಳೆದು ಬಂದು ಕಿಟಕಿ ಅಕ್ಕ ಒಕ್ಕಣ್ಣಿಗೆ ಬರೆದರು: ತರಗೆಲೆಯನ್ನು ದಾಟಿಸಿಬಿಡೋಣ, ದಾಳಕ್ಕೆ ಮುಂಚೆ. ಅದನ್ನು ತಾನೇ ಬರೆಯುತ್ತೇನೆ, ಅಷ್ಟಕ್ಕೆ ಮಾತ್ರ ಅನುಮತಿ ಬೇಕು. “ಅನುಮತಿ ಯಾಕಮ್ಮಾ” ಎಂದು ಉತ್ತರ ಬಂತು.

ಏನು ಬರೆಯಬೇಕೆಂದು ಇನ್ನೂ ತೀರ್ಮಾನಿಸಿಲ್ಲ. ಕುಂಟುತ್ತ ಹೋಗುವುದು ಬೇಡ, ನಡೆದು ಹೋಗಲಿ ಎಂಬುದು ಗಂಡನ ಅಭಿಪ್ರಾಯ. ಬಂಡೆಯಿಂದ ಬಂಡೆಗೆ ಹಾರಿ ಹೋಗಲಿ ಎಂದು ಕಿಟಕಿ ಅಕ್ಕನಿಗೆ ಆಸೆ. ತಿರುಗಿ ನೋಡುವುದೋ ಬೇಡವೋ ಎನ್ನುವುದರಲ್ಲಿ ಇಬ್ಬರಿಗೂ ಒಮ್ಮತವಿಲ್ಲ.

ಶನಿವಾರ ಆಸ್ಪತ್ರೆಯಲ್ಲಿ ಅವರಿಗೆ ಅರ್ಧ ದಿನದ ಕೆಲಸ. ಗಂಡ ರಜೆ ಹಾಕಿದ್ದಾರೆ. ಊಟವಾದ ಮೇಲೆ ಇಬ್ಬರೂ ಕೂತು ಬರೆಯುತ್ತಾರೆ. ದಾಳ ಭಾನುವಾರ ಬೆಳಿಗ್ಗೆ ಉರುಳುತ್ತದೆ.